ಅರವತ್ತೊಂದು ಅಂದರೆ ಎಷ್ಟು?

ಅಂಕಿಗಳ ಮೇಲೆ ನನಗೆ ಚಿಕ್ಕಂದಿನಿಂದಲೂ ಬಹಳ ಭರವಸೆ. ಮನುಷ್ಯರ ಮೇಲೆ ಅಷ್ಟಿಲ್ಲ. ಹೆಬ್ಬಳ್ಳಿಯಲ್ಲಿ ನನ್ನ ಜೊತೆ ಹುಣಸೆಕಾಯಿ ಕದ್ದ ಗೆಳೆಯನೊಬ್ಬ ಮುಂಬಯಿಗೆ ಹೋಗಿ ಎರಡು ವರ್ಷದ ಮೇಲೆ ತಿರುಗಿ ಬಂದವನು ನನ್ನನ್ನು ‘ನೀವು’ ಎಂದ. ಮನುಷ್ಯರ ಮಾತಿರಲಿ, ನಮ್ಮೂರ ಹೊಲದ ಮೆಣಸಿನಕಾಯಿ ಕೂಡ ಧಾರವಾಡದ ಸಂತೆ ಮುಟ್ಟುವಷ್ಟರಲ್ಲಿ ಬ್ಯಾಡಗಿಯದಾಗಿಬಿಡುತ್ತದೆ. ಆದರೆ ಅರವತ್ತೊಂದು ಹಾಗಲ್ಲ, ಅದು ಹೆಬ್ಬಳ್ಳಿಯಲ್ಲೂ ಅರವತ್ತೊಂದು, ಹಡಗು ಹತ್ತಿಸಿದರೂ ಅರವತ್ತೊಂದು ಎಂದು ನಂಬಿಕೊಂಡೇ ನಾನು ಗಣಿತ ಓದಿದೆ, ಬಿ.ಎ. ಮುಗಿಸಿದೆ, ಧಾರವಾಡದಲ್ಲಿ ಓದಿದ ಕಾಲೇಜಿನ ಕಚೇರಿಯಲ್ಲೇ ಗುಮಾಸ್ತನಾದೆ, ಕೂದಲು ಅರ್ಧ ಉದುರುವ ಹೊತ್ತಿಗೆ ಹೆಡ್ ಕ್ಲಾರ್ಕನೂ ಆದೆ. ಆ ನಂಬಿಕೆ ಮುರಿದದ್ದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಮೆರಿಕೆಯಿಂದ ಬಂದ ಒಂದು ಕಾಗದದಿಂದ.

ಕಾಗದ ಬಂದದ್ದು ನಮ್ಮ ಮೆಹರುನ್ನೀಸಾಳ ವಿಷಯವಾಗಿ. ಅವಳು ಹುಬ್ಬಳ್ಳಿಯ ಕಮರಿಪೇಟೆಯ ಮೋಟಾರು ಮಿಸ್ತ್ರಿ ಹುಸೇನಸಾಹೇಬರ ಮಗಳು. ನಾಲ್ಕು ವರ್ಷ ಬೆಳಗಿನ ಗಾಡಿಗೆ ಧಾರವಾಡಕ್ಕೆ ಬಂದು, ಸಂಜೆಯ ಗಾಡಿಗೆ ತಿರುಗಿ ಹೋಗಿ, ಇಡೀ ತರಗತಿಗೆ ಒಬ್ಬಳೇ ಹುಡುಗಿಯಾಗಿ ರಸಾಯನಶಾಸ್ತ್ರ ಓದಿದವಳು. ಆ ವರ್ಷ ನಮ್ಮ ಕಾಲೇಜಿಗೆ ಆ ವಿಷಯದಲ್ಲಿ ಬಂದದ್ದು ಒಂದೇ ಒಂದು ಫಸ್ಟ್ ಕ್ಲಾಸು, ಅದು ಅವಳದು. ನೂರಕ್ಕೆ ಅರವತ್ತೊಂದು. ಫಲಿತಾಂಶದ ದಿನ ಅವಳ ಪ್ರೊಫೆಸರರು ಕನ್ನಡಕ ಒರೆಸಿಕೊಂಡು ಮೂರು ಸಲ ಆ ಅಂಕಿಯನ್ನು ನೋಡಿದ್ದರು. ಅಮೆರಿಕೆಯ ಒಂದು ವಿಶ್ವವಿದ್ಯಾಲಯದಲ್ಲಿ ಪರದೇಶದ ಒಬ್ಬ ವಿದ್ಯಾರ್ಥಿಗೆ ಊಟ ವಸತಿ ಸಹಿತ ಸೀಟು ಇದೆಯೆಂದು ಅವಳು ವಾಚನಾಲಯದ ಪತ್ರಿಕೆಯಲ್ಲಿ ಓದಿ ಅರ್ಜಿ ಹಾಕಿದ್ದಳು. ಅಂಕಪಟ್ಟಿಗೆ ಮೊಹರು ಹೊಡೆದು ಕಳಿಸಿದವನು ನಾನೇ.

ಅವರ ಉತ್ತರ ಬಹಳ ವಿನಯದಿಂದ ಕೂಡಿತ್ತು. ಅವರಲ್ಲಿ ಎಪ್ಪತ್ತಕ್ಕಿಂತ ಕಡಿಮೆ ಬಂದವರನ್ನು ನಪಾಸೆಂದು ಎಣಿಸುವ ರೂಢಿಯಂತೆ. ಆದರೆ ಪ್ರಿನ್ಸಿಪಾಲರು ತಮ್ಮ ಶಿಫಾರಸಿನಲ್ಲಿ ಈ ಹುಡುಗಿಯನ್ನು ಕಾಲೇಜಿನ ಭೂಷಣವೆಂದು ಹೊಗಳಿದ್ದಾರೆ. ನಪಾಸಾದವಳು ಭೂಷಣ ಹೇಗಾದಳೆಂಬುದು ಅವರಿಗೆ ತಿಳಿಯಲಿಲ್ಲ. ನಿಮ್ಮ ಅರವತ್ತೊಂದು ಎಷ್ಟಕ್ಕೆ ಅರವತ್ತೊಂದು ಎಂದು ಕೇಳಿದ್ದರು. ಪ್ರತಿಯೊಂದು ವಿಷಯದ ಅಂಕಿಯನ್ನು ಅವರ ಎ, ಬಿ, ಸಿ, ಡಿ ಎಂಬ ಅಕ್ಷರಗಳಿಗೆ ಇಳಿಸಬೇಕು, ವಾರಕ್ಕೆ ಎಷ್ಟು ತಾಸು ಪಾಠವಾಯಿತೆಂದು ತಿಳಿಸಬೇಕು, ಎಲ್ಲವೂ ಆರು ವಾರದೊಳಗೆ ಕೈಸೇರಬೇಕು, ಇಲ್ಲವಾದರೆ ಸೀಟು ಮತ್ತೊಬ್ಬರಿಗೆ. ಪ್ರಿನ್ಸಿಪಾಲರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, “ನೀವು ಗಣಿತದವ್ರು. ನೋಡ್ರಿ,” ಎಂದು ಹೋಗಿಬಿಟ್ಟರು.

ಮೊದಲು ರಸಾಯನಶಾಸ್ತ್ರದ ಪ್ರೊಫೆಸರರ ಹತ್ತಿರ ಹೋದೆ. ಅಮೆರಿಕೆಯವರಿಗೆ ಅರವತ್ತೊಂದು ಸಾಲದಂತೆ ಎಂದೆ. ಅವರಿಗೆ ಸಿಟ್ಟು ಬಂತು.

“ಅರವತ್ತೊಂದಂದ್ರ ನಮ್ಮ ಕಡೆ ಮುಗೀತ್ರಿ. ಅದರ ಮ್ಯಾಲೆ ಇನ್ನೇನೈತಿ?”

“ನೂರರ ತನಕ ಅಂಕಿ ಅದಾವಲ್ರಿ ಸರ?”

“ಅದಾವ, ಇರ್ಲಿ ಬಿಡ್ರಿ. ಮ್ಯಾಲೆ ಆಕಾಶಾನೂ ಐತಿ. ನಾವೇನ ಅಲ್ಲಿಗೆ ಹೋಗಿ ಕೂಡ್ತೇವೇನು?”

ವಾರಕ್ಕೆ ಎಷ್ಟು ತಾಸು ಪಾಠ ಮಾಡುತ್ತೀರಿ ಎಂದು ನಾನು ಮೆಲ್ಲಗೆ ಕೇಳಿದಾಗಲಂತೂ ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, “ಇದನ್ನ ಯಾರ ಕೇಳ್ಯಾರ? ಪ್ರಿನ್ಸಿಪಾಲರೇನು?” ಎಂದರು. ಅಮೆರಿಕೆಯವರು ಎಂದರೆ ನಂಬಲೇ ಇಲ್ಲ. ಮರುದಿನದಿಂದ ಒಂದು ವಾರ ಅವರು ಗಂಟೆ ಬಾರಿಸುವ ಮೊದಲೇ ತರಗತಿಯಲ್ಲಿ ನಿಂತಿರುತ್ತಿದ್ದರು. ಹುಡುಗರು ನನಗೆ ಹಾಕಿದ ಶಾಪ ನನ್ನ ಕಿವಿಗೂ ಬಿತ್ತು.

ಹತ್ತು ದಿನ ನನ್ನಿಂದ ಒಂದು ಸಾಲೂ ಆಗಲಿಲ್ಲ. ಅರವತ್ತೊಂದನ್ನು ಸುಮ್ಮನೆ ಎ ಎಂದು ಬರೆದರೆ ಸುಳ್ಳು ಹೇಳಿದಂತೆ ಕಾಣುತ್ತಿತ್ತು, ಬಿ ಎಂದರೆ ಹುಡುಗಿಗೆ ಅನ್ಯಾಯ. ಒಂದು ದಿನ ಮೆಹರುನ್ನೀಸಾ ತಂದೆಯನ್ನು ಕರೆದುಕೊಂಡು ಕಚೇರಿಗೆ ಬಂದಳು. ಹುಸೇನಸಾಹೇಬರು ಕುರ್ಚಿಗೆ ಎಣ್ಣೆ ಹತ್ತೀತೆಂದು ಕೂಡಲು ಒಲ್ಲೆನೆಂದರು. ನಾನು ನನ್ನ ತೊಡಕನ್ನೆಲ್ಲ ಹೇಳಿದೆ. ಅವರು ಗಡ್ಡ ಕೆರೆಯುತ್ತ ಕೇಳಿ, ನಕ್ಕರು.

“ಸಾಹೇಬ್ರ, ನಮ್ಮ ಗ್ಯಾರೇಜಿನ್ಯಾಗ ದಿನಾ ಇದ ಜಗಳ ನೋಡ್ರಿ. ವಿಲಾಯತಿ ಗಾಡಿ ನಟ್ಟು ತಿರುವೋ ಪಾನಾ ಅಮೆರಿಕಾ ಗಾಡಿ ನಟ್ಟಿಗೆ ಕೂಡೂದಿಲ್ಲ. ಪಾನಾನೂ ಛಲೋ ಐತಿ, ನಟ್ಟೂ ಛಲೋ ಐತಿ. ಅಳತಿ ಬ್ಯಾರೆ.”

“ಮತ್ತ ನೀವು ಏನ ಮಾಡ್ತೀರಿ?”

“ಹತ್ತು ಗಾಡಿ ಬಿಚ್ಚಿ ನೋಡೇನ್ರಿ. ಯಾವ ನಟ್ಟಿಗೆ ಯಾವ ಪಾನಾ ಕೂಡ್ತೈತಿ ಅಂತ ಗ್ವಾಡಿ ಮ್ಯಾಲೆ ಬರದಿಟ್ಟೇನಿ. ನೀವೂ ನಿಮ್ಮ ಹಳೇ ಹುಡುಗರನ್ನ ಬಿಚ್ಚಿ ನೋಡ್ರೆಲಾ.”

ಗಣಿತ ಓದಿದ ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಅಂದೇ ಕಪಾಟು ತೆಗೆದು ಹಳೆಯ ದಾಖಲೆ ಪುಸ್ತಕಗಳನ್ನು ಇಳಿಸಿದೆ. ಹಿಂದೆ ಐವತ್ತೆಂಟು ಪಡೆದವನು ಈಗ ಏನಾಗಿದ್ದಾನೆ, ಅರವತ್ತೆರಡರವನು ಎಲ್ಲಿ ಮುಟ್ಟಿದ್ದಾನೆ ಎಂದು ಒಂದು ಕೋಷ್ಟಕ ಮಾಡಿದರೆ ನಮ್ಮ ಅಂಕಿಯ ತೂಕ ಅವರಿಗೇ ತಿಳಿಯುತ್ತದೆ. ಹೆಸರು ಬೇಡ, ಕ್ರಮಾಂಕ ಸಾಕು. ನಾನು ಅಂಕಿ ಓದಿ, ಅವರ ಈಗಿನ ಹುದ್ದೆಯನ್ನು ನೆನಪಿನಿಂದ ಹೇಳುವುದು, ಮೆಹರುನ್ನೀಸಾ ತನ್ನ ದುಂಡನೆಯ ಅಕ್ಷರದಲ್ಲಿ ಬರೆದುಕೊಳ್ಳುವುದು. ಐವತ್ತೆಂಟರವನು ಮುನಸೀಫನಾಗಿದ್ದ. ಅರವತ್ತರವನು ವಿಲಾಯತಿಗೆ ಹೋಗಿ ದೊಡ್ಡ ಡಾಕ್ಟರನಾಗಿದ್ದ. ನಲವತ್ತೊಂದರವನು ಕೂಡ ಹೈಸ್ಕೂಲಿನ ಹೆಡ್‌ಮಾಸ್ತರನಾಗಿ ಈಗ ತನ್ನ ಹುಡುಗರಿಗೆ ಮೂವತ್ತೈದು ಕೊಡುತ್ತಿದ್ದ. ಹೀಗೆ ಪುಟ ತಿರುವುತ್ತ ತಿರುವುತ್ತ ಒಂದು ಕಡೆ ನನ್ನ ಬೆರಳು ನಿಂತಿತು. ಗಣಿತ, ಅರವತ್ತಾರು. ಮುಂದೆ ನನ್ನ ಹೆಸರು.

ಆ ಅಂಕಿ ಬಂದ ವರ್ಷ ನಾನು ಭೂಮಿಯ ಮೇಲೆ ನಡೆದಿರಲಿಲ್ಲ. ಮುಂದೆ ಗಣಿತ ಓದಲು ಪರದೇಶಕ್ಕೆ ಹೋಗಬೇಕೆಂದು ನನ್ನ ಗುರುಗಳು ಶಿಫಾರಸು ಪತ್ರವನ್ನೂ ಬರೆದುಕೊಟ್ಟಿದ್ದರು. ನಾನು ದಿನಾ ಹಡಗಿನ ಚಿತ್ರ ನೋಡುತ್ತಿದ್ದೆ. ಹಡಗಿನಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಎಂಬುದೊಂದೇ ಆಗ ನನ್ನ ಚಿಂತೆ. ಅದೇ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಮನೆಯಲ್ಲಿ ಅವ್ವ, ಇಬ್ಬರು ತಂಗಿಯರು. ಒಂದು ವರ್ಷದ ಮಟ್ಟಿಗೆಂದು ಈ ಕಚೇರಿಗೆ ಸೇರಿದೆ. ಆ ಒಂದು ವರ್ಷಕ್ಕೆ ಈಗ ಇಪ್ಪತ್ತು ತುಂಬಿತು. ಶಿಫಾರಸು ಪತ್ರ ಟ್ರಂಕಿನ ತಳದಲ್ಲಿದೆ. ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದೆ. ಅದರಲ್ಲಿ ನನ್ನ ಬುದ್ಧಿಯನ್ನು ಹೊಗಳಿದ ತುಂಡು ಮಾತ್ರ ಇನ್ನೂ ಗಟ್ಟಿಯಾಗಿದೆ.

“ಯಾಕ ನಿಂತ್ರಿ ಸರ? ಏಳನೇದು ಹೇಳ್ರಿ,” ಎಂದಳು ಮೆಹರುನ್ನೀಸಾ.

“ಏಳನೇದು, ಗಣಿತ, ಅರವತ್ತಾರು,” ಎಂದೆ.

“ಈಗೇನ ಮಾಡ್ತಾರ್ರಿ ಇವ್ರು?”

“ಅದು… ಅದನ್ನ ಖಾಲಿ ಬಿಡವಾ.”

ಅವಳು ಒಮ್ಮೆ ನನ್ನನ್ನು, ಒಮ್ಮೆ ತೆರೆದ ಪುಟವನ್ನು ನೋಡಿ, ಖಾಲಿ ಬಿಟ್ಟಳು. ಕೋಷ್ಟಕದ ಪ್ರಕಾರ ನಮ್ಮ ಅರವತ್ತರ ಮೇಲಿನದೆಲ್ಲ ಅವರ ಎ ಆಯಿತು. ವಿಮಾನದ ಟಪಾಲಿಗೆ ಹಾಕಿ ಮನೆಗೆ ಹೊರಟವನು ದಾರಿಯುದ್ದಕ್ಕೂ ನಾನು ಎ, ನಾನು ಎ ಎಂದುಕೊಂಡೇ ನಡೆದೆ. ಮನೆಯಾಕೆಗೂ ಹೇಳಿದೆ. “ಎ ಆಗ್ರಿ, ಬಿ ಆಗ್ರಿ,” ಎಂದು ಅವಳು ಜೋಳದ ಚೀಲ ಕೈಗಿತ್ತಳು. “ಗಿರಣಿ ಮುಚ್ಚೂದರಾಗ ಹಿಟ್ಟು ಬೀಸಿಸಿಕೊಂಡು ಬರ್ರಿ.” ಗಿರಣಿಯ ಸಾಲಿನಲ್ಲಿ ನಾನು ಹನ್ನೊಂದನೆಯವನಾಗಿ ನಿಂತೆ. ಅಮೆರಿಕೆಯ ಅಕ್ಷರ ಅಲ್ಲಿ ನಡೆಯಲಿಲ್ಲ.

ಐದನೆಯ ವಾರ ಉತ್ತರ ಬಂತು. ಮೆಹರುನ್ನೀಸಾಳಿಗೆ ಸೀಟು ಸಿಕ್ಕಿತ್ತು! ಪ್ರಿನ್ಸಿಪಾಲರು ಅವಳನ್ನೂ ನನ್ನನ್ನೂ ಕರೆಸಿ ಕಾಗದ ಓದಿದರು. ಕೋಷ್ಟಕ ಬಹಳ ಉಪಯೋಗವಾಯಿತೆಂದು ಬರೆದು, ಕೊನೆಗೆ ಒಂದು ಸಂಶಯ ಕೇಳಿದ್ದರು. ಏಳನೆಯ ಕ್ರಮಾಂಕದ ಗಣಿತದ ವಿದ್ಯಾರ್ಥಿ ಈಗ ಏನು ಮಾಡುತ್ತಿದ್ದಾನೆ? ಮುಂದೆ ಓದುವ ಮನಸ್ಸಿದ್ದರೆ ಅವರ ಗಣಿತ ವಿಭಾಗಕ್ಕೆ ಬರೆಯಬಹುದು.

“ಯಾರ್ರೀ ಈ ಏಳನೇದಾಂವ?” ಎಂದರು ಪ್ರಿನ್ಸಿಪಾಲರು.

“ಹಳೇ ಹುಡುಗ ಅದಾನ್ರಿ ಸರ.”

“ಈಗೆಲ್ಲಿದ್ದಾನ?”

ಅವರ ಮೇಜಿನಿಂದ ಮೂರು ಮೊಳ ದೂರದಲ್ಲಿ ನಿಂತಿದ್ದ ನಾನು, “ಪತ್ತೆ ಹತ್ತಿಲ್ರಿ,” ಎಂದೆ.

“ಹಂಗಾರ ಪತ್ತೆ ಹತ್ತಿಲ್ಲಂತ ಬರದುಬಿಡ್ರಿ.”

ಏಳನೆಯವನು ಸಿಗುತ್ತಿಲ್ಲವೆಂಬ ಕಾಗದವನ್ನು ನಾನೇ ಟೈಪು ಮಾಡಿ ನಾನೇ ಟಪಾಲಿಗೆ ಹಾಕಿದೆ. ಒಂದೂ ಅಕ್ಷರ ತಪ್ಪಿರಲಿಲ್ಲ.

ಮೆಹರುನ್ನೀಸಾ ಹೊರಟ ದಿನ ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿದ್ದೆ. ಹುಸೇನಸಾಹೇಬರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಮಗಳಿಗೆ ಶೇಂಗಾ ಚಟ್ನಿಯ ಡಬ್ಬಿಯನ್ನು ಅಲ್ಲಾಡದಂತೆ ಹೇಗೆ ಕಟ್ಟಬೇಕೆಂದು ಮೂರು ಸಲ ತೋರಿಸಿದರು. ಗಾಡಿ ಹೊರಟಿತು. ನಾನು ಕೈ ಬೀಸುತ್ತ ಅದರ ಜೊತೆಗೇ ನಡೆದೆ. ಪ್ಲಾಟ್‌ಫಾರ್ಮ್ ಮುಗಿದದ್ದೂ ಗೊತ್ತಾಗಲಿಲ್ಲ. ಹುಸೇನಸಾಹೇಬರು ಹಿಂದಿನಿಂದ ಬಂದು ನನ್ನ ತೋಳು ಹಿಡಿದು, “ಅಳಬ್ಯಾಡ್ರಿ ಸಾಹೇಬ್ರ, ಬರ್ತಾಳ್ರಿ ಆಕಿ,” ಎಂದು ಸಮಾಧಾನ ಹೇಳಿದರು. ಆಗಲೇ ನನ್ನ ಕಣ್ಣು ಒದ್ದೆಯಾದದ್ದು ನನಗೆ ತಿಳಿದದ್ದು. ಹೆತ್ತ ತಂದೆ ಒಣಗಣ್ಣಿನಿಂದ ನನ್ನನ್ನು ಸಂತೈಸುತ್ತಿದ್ದರು. ನಾನು ಅವಳಿಗಾಗಿ ಅಳುತ್ತಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಅವರು ಚಹಾ ಕುಡಿಸಿ ಕಳಿಸಿದರು.

ನಾಲ್ಕು ತಿಂಗಳ ಮೇಲೆ ಅವಳ ದಪ್ಪನೆಯ ಲಕೋಟೆ ಬಂತು. ಮೊದಲ ಪರೀಕ್ಷೆಯಲ್ಲಿ ಎಪ್ಪತ್ತನಾಲ್ಕು ಬಂದದ್ದನ್ನು ನೋಡಿ ಅವಳಿಗೆ ಆನಂದದಿಂದ ಅಳು ಬಂತಂತೆ. ಪಕ್ಕದ ಹುಡುಗಿ ಅದನ್ನು ದುಃಖವೆಂದು ತಿಳಿದು ಬೆನ್ನು ಸವರಿ, ಮುಂದಿನ ಸಲ ಚೆನ್ನಾಗಿ ಬರೆಯುವಿಯಂತೆ ಎಂದಳಂತೆ. ಕಾಗದದ ಕೊನೆಗೆ ಹೀಗಿತ್ತು: “ಸರ, ಏಳನೇದವರು ಯಾರಂತ ನನಗ ಅವತ್ತ ಗೊತ್ತಾತ್ರಿ. ಇಲ್ಲಿ ತಲಿ ಬೆಳ್ಳಗಾದವರೂ ನಮ್ಮ ಜೋಡಿ ಕುಂತು ಪಾಠ ಕೇಳ್ತಾರ್ರಿ. ಫಾರ್ಮು ಇಟ್ಟೇನಿ. ಸಿಟ್ಟಾಗಬ್ಯಾಡ್ರಿ.”

ಸಿಟ್ಟೇನೂ ಬರಲಿಲ್ಲ. ರವಿವಾರ ಊಟ ಮುಗಿಸಿ ಫಾರ್ಮಿನ ಮುಂದೆ ಕುಳಿತೆ. ಹೆಸರು, ಊರು, ವಯಸ್ಸು ಎಲ್ಲ ಸುಲಭವಾಗಿ ತುಂಬಿದವು. ನಲವತ್ತಮೂರು ಎಂದು ಬರೆಯುವಾಗ ಮಾತ್ರ ಮೂರು ಸ್ವಲ್ಪ ಸಣ್ಣದಾಯಿತು. ಗಣಿತದಲ್ಲಿ ಇನ್ನೂ ಏನು ತಿಳಿಯಬೇಕೆಂದಿದ್ದೀರಿ ಎಂಬ ಪ್ರಶ್ನೆಗೆ ಕೊಟ್ಟ ಜಾಗ ಸಾಲದೆ ಹಿಂಬದಿಗೂ ಬರೆದೆ. ಇಪ್ಪತ್ತು ವರ್ಷ ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಮನೆಯಾಕೆ ಹಣಿಕಿ ನೋಡಿ, “ಅಲ್ಲಿ ಜ್ವಾಳ ಸಿಗ್ತಾವೇನು, ಮೊದಲ ಕೇಳ್ರಿ,” ಎಂದಳು. ಬೇಡವೆನ್ನಲಿಲ್ಲ.

ಕಡೆಯ ಕಾಲಮಿನಲ್ಲಿ, ಅಂಕಪಟ್ಟಿಯ ಮೇಲೆ ಕಾಲೇಜಿನ ಹೆಡ್ ಕ್ಲಾರ್ಕರ ಸಹಿ ಮತ್ತು ಮೊಹರು ಬೇಕೆಂದಿತ್ತು. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ, ನನ್ನ ಅರ್ಜಿಯನ್ನು ನನ್ನದೇ ಮೇಜಿನ ಮೇಲೆ ಇಟ್ಟೆ. ಮೇಜಿನ ಆಚೆ ಬದಿಗೆ ಹೋಗಿ ಕುರ್ಚಿಯಲ್ಲಿ ಕುಳಿತೆ, ಕನ್ನಡಕ ಹಾಕಿಕೊಂಡೆ, ಮೊಹರಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ. ಆಮೇಲೆ ಇಪ್ಪತ್ತು ವರ್ಷದಿಂದ ಪ್ರತಿಯೊಬ್ಬರಿಗೂ ಹೇಳುತ್ತ ಬಂದ ಮಾತು ತಾನಾಗಿಯೇ ಬಾಯಿಂದ ಹೊರಬಂತು: “ನಾಳೆ ಬರ್ರಿ.”