ಹಂಡೆಯಪ್ಪನ ತೂಕ ಮತ್ತು ನನ್ನ ಸುತ್ತೋಲೆಗಳು

ಕೇಳದೆ ಬಂದ ಅಧಿಕಾರವನ್ನು ಬೇಡ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸರ್ಕಾರಿ ಕಚೇರಿಯೊಂದರ ಜಮೀನು ದಾಖಲೆಗಳ ವಿಭಾಗದಲ್ಲಿ ಹದಿನಾಲ್ಕು ವರ್ಷ ಗುಮಾಸ್ತನಾಗಿ ಕೂತವನಿಗೆ ಅಧಿಕಾರ ಎಂದರೇನು ಎಂದು ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಅದು ಯಾವಾಗಲೂ ಪಕ್ಕದ ಕೋಣೆಯಲ್ಲಿರುತ್ತದೆ. ಟಿಪ್ಪಣಿ ನಾನು ಬರೆಯುತ್ತೇನೆ, ಸಹಿ ಇನ್ನೊಬ್ಬರದು. ಎಕರೆ ಗುಂಟೆಗಳನ್ನು ಹೆಕ್ಟೇರಿಗೆ ಪರಿವರ್ತಿಸುವುದು ನಾನು, ‘ಹೌದಾ, ಸರಿಯಾಗಿದೆಯಾ?’ ಎಂದು ಅನುಮಾನಪಡುವುದು ಇನ್ನೊಬ್ಬರು. ಇನ್ನು ಮನೆಯ ವಿಷಯ ಕೇಳಲೇಬೇಡಿ. ಸಾರಿಗೆ ಉಪ್ಪು ಸಾಲದು ಎಂಬ ನನ್ನ ಅಹವಾಲನ್ನು ಕೂಡ ನನ್ನ ಹೆಂಡತಿ ವನಜಾ ‘ಮುಂದೆ ನೋಡೋಣ’ ಎಂಬ ಮುಖ ಮಾಡಿ ಕೇಳಿಸಿಕೊಳ್ಳುತ್ತಾಳೆ. ಇಂಥ ನನಗೆ ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಯಲ್ಲಿ, ಶ್ರೀನಿವಾಸಪುರದ ನಮ್ಮ ವಠಾರದ ಅಂಗಳದಲ್ಲಿ, ಏಕಾಏಕಿ ನ್ಯಾಯಾಧೀಶನ ಪಟ್ಟ ಸಿಕ್ಕಿತು. ತಲೆ ತಿರುಗದೆ ಇರುತ್ತದೆಯೇ?

ಆಗಿದ್ದಿಷ್ಟು. ನಮ್ಮದು ಐದು ಮನೆಗಳ ವಠಾರ, ನಡುವೆ ಚಪ್ಪಡಿ ಹಾಸಿದ ಅಂಗಳ. ಆ ರಜೆಯಲ್ಲಿ ಮಕ್ಕಳಿಗೆಲ್ಲ ಕುಸ್ತಿ ಕಾರ್ಡಿನ ಹುಚ್ಚು ಹಿಡಿದಿತ್ತು. ಒಂದೊಂದು ಕಾರ್ಡಿನ ಮೇಲೂ ಚಡ್ಡಿ ಹಾಕಿಕೊಂಡ ಒಬ್ಬ ವಿದೇಶಿ ಪೈಲ್ವಾನ, ಅವನ ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ಗೆದ್ದ ಕುಸ್ತಿಗಳು, ರ್‍ಯಾಂಕು. ಇಬ್ಬರು ತಂತಮ್ಮ ಕಟ್ಟು ಹಿಡಿದು ಎದುರುಬದುರು ಕೂರುತ್ತಾರೆ. ಒಬ್ಬ ತನ್ನ ಮೇಲಿನ ಕಾರ್ಡು ನೋಡಿ ‘ತೂಕ’ ಅಂತಲೋ ‘ಎತ್ತರ’ ಅಂತಲೋ ಕೂಗುತ್ತಾನೆ. ಯಾರ ಪೈಲ್ವಾನನ ಸಂಖ್ಯೆ ದೊಡ್ಡದೋ ಅವರಿಗೆ ಆ ಸುತ್ತು. ಆಟ ಮುಗಿದ ಮೇಲೆ ಕಾರ್ಡುಗಳು ಅವರವರಿಗೆ ವಾಪಸ್ಸು. ಆದರೆ ಗೆದ್ದವರು ಸೋತವರ ಕಟ್ಟಿನಿಂದ ತಮಗಿಷ್ಟವಾದ ಒಂದೇ ಒಂದು ಕಾರ್ಡನ್ನು ಆರಿಸಿ ಖಾಯಂ ಆಗಿ ಇಟ್ಟುಕೊಳ್ಳಬಹುದು. ಜಗಳಕ್ಕೆ ಇಷ್ಟು ಸಾಕಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಚಾಪೆಯ ಮೇಲೆ ಉರುಳಿಕೊಂಡಿದ್ದಾಗ ಅಂಗಳದಲ್ಲಿ ಕಿರುಚಾಟ ಶುರುವಾಯಿತು. ರ್‍ಯಾಂಕು ಒಂದು ದೊಡ್ಡದೋ, ಹದಿನಾರು ದೊಡ್ಡದೋ ಎಂಬುದು ವಿವಾದ. ಹದಿನಾರು ಎನ್ನುವವರು ಕೂಡ ಕುರುಡುಮಲೆ ಗಣಪನ ಮೇಲೆ ಆಣೆ ಇಡುತ್ತಿದ್ದರು, ಒಂದು ಎನ್ನುವವರು ಕೂಡ ಅದೇ ಗಣಪನ ಮೇಲೆ. ನಿದ್ದೆಗೆಟ್ಟ ಸಿಟ್ಟಿನಲ್ಲಿ ಬನಿಯನ್ನಿನಲ್ಲೇ ಹೊರಗೆ ಬಂದು ಗದರಿದೆ: ‘ಲೇ, ನಮ್ಮ ಆಫೀಸಲ್ಲಿ ಸಾಹೇಬ್ರು ಒಬ್ರು, ಗುಮಾಸ್ತರು ಹದಿನಾರು ಜನ. ಯಾರೋ ದೊಡ್ಡೋರು?’ ಅಂಗಳ ಗಪ್‌ಚಿಪ್ಪಾಯಿತು. ‘ಒಂದೇ ದೊಡ್ಡದು ಕಣ್ರೋ, ಅಂಕಲ್ ಹೇಳಿದ್ರು’ ಎಂದು ಎಲ್ಲರೂ ಒಪ್ಪಿಬಿಟ್ಟರು. ನಾನು ಹೇಳಿದ್ದನ್ನು ಒಂಬತ್ತು ಜನ ಒಟ್ಟಿಗೆ ಒಪ್ಪಿದ್ದು ನನ್ನ ಆಯುಷ್ಯದಲ್ಲೇ ಮೊದಲು. ಆಮೇಲೆ ಎಲ್ಲಿಯ ನಿದ್ದೆ?

ಮಾರನೆಯ ದಿನದಿಂದಲೇ ನಾನು ಸುತ್ತೋಲೆ ಹೊರಡಿಸಲು ಶುರು ಮಾಡಿದೆ. ಸುಮ್ಮನೆ ಬಾಯಲ್ಲಿ ಹೇಳಿದರೆ ನಿಯಮಕ್ಕೆ ಗೌರವವಿಲ್ಲ. ಬಿಳಿ ಹಾಳೆ, ಮೇಲೆ ಸಂಖ್ಯೆ, ಕೆಳಗೆ ‘ನಿರ್ಣಾಯಕರು’ ಎಂದು ಬರೆದು ಸಹಿ. ಆ ಸಹಿ ಹಾಕುವಾಗ ಸಿಗುವ ಸುಖವನ್ನು ಏನೆಂದು ಹೇಳಲಿ! ನಲ್ಲಿಯ ಪಕ್ಕದ ಗೋಡೆಗೆ ಅನ್ನ ಮೆತ್ತಿ ಅಂಟಿಸುತ್ತಿದ್ದೆ. ಆಣೆ ಪ್ರಮಾಣಗಳನ್ನು ಸಾಕ್ಷ್ಯವೆಂದು ಪರಿಗಣಿಸತಕ್ಕದ್ದಲ್ಲ ಎಂದೊಂದು. ಕಾರ್ಡಿಗೆ ಎಂಜಲು ಹಚ್ಚತಕ್ಕದ್ದಲ್ಲ ಎಂದೊಂದು. ಅಷ್ಟರಲ್ಲಿ ರಜೆಗೆಂದು ಮುಳಬಾಗಿಲಿನಿಂದ ಬಂದಿದ್ದ ಒಬ್ಬ ಹುಡುಗ, ‘ನಮ್ಮೂರಲ್ಲಿ ಹಂಗಲ್ಲ ಅಂಕಲ್, ಸಮಸಮ ಬಂದ್ರೆ ಕೂಗಿದವ್ನಿಗೇ ಸುತ್ತು’ ಎಂದು ತಗಾದೆ ತೆಗೆದ. ಮಾಲೂರಿನಲ್ಲಿ ಅಜ್ಜಿಯ ಮನೆಯಿದ್ದ ಇನ್ನೊಬ್ಬಳು ಅಲ್ಲಿ ಬೇರೆಯೇ ಪದ್ಧತಿ ಎಂದಳು. ಇರುವುದು ಒಂದೇ ಜಿಲ್ಲೆ, ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಕಾನೂನೇ ಬದಲು! ಶ್ರೀನಿವಾಸಪುರದ ಅಂಗಳದಲ್ಲಿ ಶ್ರೀನಿವಾಸಪುರದ ನಿಯಮವೇ ನಡೆಯತಕ್ಕದ್ದು ಎಂದು ಅದಕ್ಕೂ ಒಂದು ಹಾಳೆ ಅಂಟಿಸಿದೆ. ವನಜಾ ಬಿಂದಿಗೆ ಹಿಡಿದು ನೀರಿಗೆ ಬಂದವಳು ಅದನ್ನೆಲ್ಲ ನಿಂತು ಓದಿ, ‘ಗೋಡೇಲಿ ಇನ್ನು ಜಾಗ ಎಲ್ಲಿದೆ ರೀ? ಮುಂದಿಂದು ನನ್ನ ಬೆನ್ನಿಗೆ ಅಂಟಿಸಿ’ ಅಂದಳು. ಅಧಿಕಾರದಲ್ಲಿರುವವರು ಇಂಥ ಟೀಕೆಗಳಿಗೆ ಕಿವಿಗೊಡಬಾರದು ಎಂದು ಹಾಳೆಯ ಮೂಲೆಗೆ ಇನ್ನಷ್ಟು ಅನ್ನ ಮೆತ್ತಿದೆ.

ಇಲ್ಲಿ ಹಂಡೆಯಪ್ಪನ ವಿಷಯ ಹೇಳಬೇಕು. ಪೈಲ್ವಾನರ ಇಂಗ್ಲಿಷ್ ಹೆಸರುಗಳು ಮಕ್ಕಳ ನಾಲಿಗೆಗೆ ಹೊರಳುತ್ತಿರಲಿಲ್ಲವಾದ್ದರಿಂದ ಎಲ್ಲರಿಗೂ ಹೊಸದಾಗಿ ನಾಮಕರಣವಾಗಿತ್ತು. ಜುಟ್ಟಿದ್ದವನು ಜುಟ್ಟಪ್ಪ, ಹಲ್ಲು ಕಿರಿದವನು ಹಲ್ಲಪ್ಪ, ನೀರೊಲೆಯ ಹಂಡೆಯಂಥ ಹೊಟ್ಟೆಯವನು ಹಂಡೆಯಪ್ಪ. ಅವನ ತೂಕ ನಾನೂರ ಅರವತ್ತು. ‘ತೂಕ’ ಎಂದು ಕೂಗಿದರೆ ಇಡೀ ವಠಾರದಲ್ಲಿ ಅವನನ್ನು ಮೀರಿಸುವ ಗಂಡು ಇರಲಿಲ್ಲ. ಈ ಹಂಡೆಯಪ್ಪ ನನ್ನ ಮಗಳು ಸುಮಾಳ ಸ್ವತ್ತು. ಹತ್ತು ವರ್ಷದ ಹುಡುಗಿ ಅದಕ್ಕಾಗಿ ತನ್ನ ಕಟ್ಟಿನಿಂದ ಹನ್ನೊಂದು ಕಾರ್ಡುಗಳನ್ನೂ, ಸಾಲದ್ದಕ್ಕೆ ಹೊಸ ಜಾಮಿಟ್ರಿ ಬಾಕ್ಸನ್ನೂ ಕೊಟ್ಟು ವಿನಿಮಯ ಮಾಡಿಕೊಂಡಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇಟ್ಟುಕೊಳ್ಳುವಳು. ಒಂದು ದಿನ ಅದು ಕಾಣದೆ ಅವಳು ಅತ್ತ ಅಳುವಿಗೆ ಹೆದರಿ ನಾನು ಅಕ್ಕಿ ಡಬ್ಬದೊಳಗೆಲ್ಲ ಕೈಹಾಕಿ ಹುಡುಕಿದ್ದೆ.

ಮೇ ತಿಂಗಳಲ್ಲಿ ಒಂದು ಪಂದ್ಯಾವಳಿ ನಡೆಯಿತು. ಫೈನಲ್ಲಿಗೆ ಬಂದವರು ನನ್ನ ಮಗಳು ಸುಮಾ ಮತ್ತು ಮನೆ ಮಾಲೀಕರ ಮೊಮ್ಮಗ ಮಧು. ಅಲ್ಲಿಯವರೆಗೆ ಸರಿಯೇ ಇತ್ತು. ಆದರೆ ಫೈನಲ್ಲಿನ ಹಿಂದಿನ ದಿನ ಮಧುವಿನ ಸೋದರಮಾವ ಬೆಂಗಳೂರಿನಿಂದ ಒಂದು ಹೊಸ ಕಟ್ಟು ತಂದುಕೊಟ್ಟರು. ನೋಡಿದರೆ ಎಲ್ಲವೂ ಬದಲು! ಹಳೆಯ ಕಟ್ಟಿನಲ್ಲಿ ಮೂರನೆಯ ರ್‍ಯಾಂಕಿನಲ್ಲಿದ್ದವನನ್ನು ಹತ್ತೊಂಬತ್ತಕ್ಕೆ ಇಳಿಸಿದ್ದರು. ಇರಲಿ, ಹಿಂಬಡ್ತಿ ಎಲ್ಲ ಕಡೆಯೂ ಇದೆ ಎಂದುಕೊಂಡೆ. ದೊಡ್ಡ ತೊಡಕು ತೂಕದ್ದು. ಹಳೆಯ ಕಟ್ಟಿನ ತೂಕವೆಲ್ಲ ಪೌಂಡು, ಹೊಸದರ ತೂಕವೆಲ್ಲ ಕಿಲೋ. ಹೊಸ ಕಟ್ಟಿನಲ್ಲಿ ಬೆಟ್ಟಪ್ಪ ಎಂದು ಹೆಸರಿಟ್ಟ ಒಬ್ಬ ಮಹಾಕಾಯನಿದ್ದ, ಇನ್ನೂರ ಹನ್ನೆರಡು ಕಿಲೋ. ‘ಅಂಕಲ್, ಅದನ್ನೂ ಇದನ್ನೂ ಒಂದೇ ಮಾಡಿ ಕೊಡಿ’ ಎಂದು ಮಧು ಅರ್ಜಿ ಹಾಕಿದ. ಎಕರೆಯನ್ನು ಹೆಕ್ಟೇರು ಮಾಡುವವನ ಮುಂದೆ ಇಂಥ ಅರ್ಜಿ ಬಂದರೆ ಬಿಡುತ್ತೇನೆಯೇ! ಭಾನುವಾರ ಬೆಳಿಗ್ಗೆ ಕಾಫಿ ಕೂಡ ಆರಲು ಬಿಟ್ಟು ಸುತ್ತೋಲೆ ಬರೆದೆ. ಪೌಂಡಿನಲ್ಲಿರುವ ತೂಕವನ್ನು ಎರಡು ಪಾಯಿಂಟ್ ಎರಡರಿಂದ ಭಾಗಿಸಿ ಕಿಲೋಗೆ ಪರಿವರ್ತಿಸತಕ್ಕದ್ದು. ಹದಿನಾಲ್ಕು ವರ್ಷ ಬರೆದು ಬರೆದು ಕೈಗೆ ಒಂದು ಕೊನೆಯ ಸಾಲು ಅಂಟಿಕೊಂಡಿರುತ್ತದೆ. ಅದೂ ತಾನಾಗಿಯೇ ಇಳಿದುಬಂತು: ‘ಈ ಸುತ್ತೋಲೆಯು ನಾಳೆಯಿಂದ ಜಾರಿಗೆ ಬರತಕ್ಕದ್ದು.’ ಅಂಟಿಸಿ ಬಂದು ಆರಿದ ಕಾಫಿ ಕುಡಿದೆ.

ಹತ್ತು ಗಂಟೆಗೆ ಫೈನಲ್ಲು. ಮಾಲೀಕರಾದ ಮುನಿವೆಂಕಟಪ್ಪನವರು ಮಾವಿನ ಮಂಡಿಗೆ ಹೋಗುವುದನ್ನೂ ಬಿಟ್ಟು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ‘ಏಮಯ್ಯಾ ಜಡ್ಜಿಗಾರೂ, ಮೀ ಅಮ್ಮಾಯೇ ಕದಾ ಆಡೋದು? ನೋಡಾನ, ನ್ಯಾಯ ಎಂಗೆ ಮಾಡ್ತೀರೋ!’ ಎಂದು, ಆಡುವವಳು ನನ್ನ ಮಗಳೇ ಎಂಬುದನ್ನು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ನೆನಪಿಸಿ ನಕ್ಕರು. ಆ ನಗು ನನ್ನ ಎದೆಗೆ ಚುಚ್ಚಿತು. ತೂಕವನ್ನು ಕೊನೆಗೆಂದು ಇಬ್ಬರೂ ಕೂಗದೆ ಉಳಿಸಿಕೊಂಡು ಆಡಿದರು; ಅರ್ಧ ಗಂಟೆಯ ಆಟ ಮುಗಿದಾಗ ಸಮಸಮ. ಹಾಗಾಗಿ ಅವರವರೇ ಆರಿಸಿದ ತಲಾ ಒಂದು ಕಾರ್ಡಿನ ನಿರ್ಣಾಯಕ ಸುತ್ತು. ನಾಣ್ಯ ಚಿಮ್ಮಿದಾಗ ಕೂಗುವ ಹಕ್ಕು ಸುಮಾಳಿಗೆ ಬಂತು. ಅವಳು ಹಂಡೆಯಪ್ಪನನ್ನು ಕವರಿನಿಂದ ತೆಗೆದು ನೆಲಕ್ಕಿಟ್ಟು ‘ತೂಕ!’ ಅಂದಳು. ಮಧು ಬೆಟ್ಟಪ್ಪನನ್ನು ಇಟ್ಟು, ‘ಭಾಗಾಕಾರ ಮಾಡಿ ಅಂಕಲ್’ ಎಂದು ಕುಣಿದ. ಮಾಡಿದೆ. ಹಂಡೆಯಪ್ಪ ಕರಗಿ ಇನ್ನೂರ ಒಂಬತ್ತು ಕಿಲೋ ಆಗಿಬಿಟ್ಟಿದ್ದ. ಸುಮಾ ಮಾತ್ರ ಕದಲಲಿಲ್ಲ. ‘ಅಪ್ಪ, ಅದು ನಾಳೆಯಿಂದ ಅಂತ ಬರೆದಿದೀಯ. ಇವತ್ತು ಕಾರ್ಡಲ್ಲಿ ಇರೋದೇ ಲೆಕ್ಕ. ನಾನೂರ ಅರವತ್ತು ದೊಡ್ಡದು’ ಅಂದಳು. ಗುಮಾಸ್ತನ ಮಗಳಲ್ಲವೇ, ಕೊನೆಯ ಸಾಲು ಓದಿಕೊಂಡೇ ಕಾರ್ಡು ಇಳಿಸಿದ್ದಳು.

ಎಲ್ಲರೂ ಗೋಡೆಯ ಕಡೆ ನೋಡಿದರು. ಅಕ್ಷರ ದುಂಡಗೆ, ಸ್ಪಷ್ಟವಾಗಿತ್ತು, ಕೆಳಗೆ ನನ್ನದೇ ಸಹಿ. ಕಚೇರಿಯಲ್ಲಾದರೆ, ಹೊಸ ಆದೇಶ ಬರುವ ತನಕ ಬರೆದದ್ದೇ ಊರ್ಜಿತ ಎಂದು ಮೇಜು ಗುದ್ದಿ ವಾದಿಸುವವನು ನಾನು. ಆದರೆ ಎದುರಿಗೆ ಮುನಿವೆಂಕಟಪ್ಪನವರು ಹುಬ್ಬು ಏರಿಸಿ ಕೂತಿದ್ದರು, ಐದೂ ಮನೆಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಮಗಳ ಪರ ಹೇಳಿದರೆ ನಾಳೆ ನಲ್ಲಿಯ ಹತ್ತಿರ ಏನೇನು ಮಾತು ಹುಟ್ಟುತ್ತದೋ! ನಾನು ಗಂಟಲು ಸರಿಮಾಡಿಕೊಂಡು, ‘ಅದು ಕೈತಪ್ಪು. ಪರಿವರ್ತನೆ ಇವತ್ತಿಂದಲೇ. ಮಧು ಗೆದ್ದ’ ಎಂದುಬಿಟ್ಟೆ. ‘ಶಭಾಷ್ ಜಡ್ಜಿಗಾರೂ! ನ್ಯಾಯ ಅಂದ್ರೆ ಇದಪ್ಪಾ!’ ಎಂದು ಮುನಿವೆಂಕಟಪ್ಪನವರು ಎದ್ದು ನಿಂತು ಚಪ್ಪಾಳೆ ಹೊಡೆದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಮೈಯೆಲ್ಲ ಪುಳಕವಾಯಿತು. ಮಧು ಯಾವ ಕಾರ್ಡು ಆರಿಸಿಕೊಂಡ ಎಂದು ಹೇಳಬೇಕಾಗಿಲ್ಲ. ಸುಮಾ ಹಂಡೆಯಪ್ಪನನ್ನು ಅವನ ಪ್ಲಾಸ್ಟಿಕ್ ಕವರಿನ ಸಮೇತ ಕೊಟ್ಟು ಒಳಗೆ ಹೋದಳು.

ಊಟಕ್ಕೆ ಕೂತಾಗ ಮಾವಿನ ಹಣ್ಣಿನ ರಸಾಯನ ಇತ್ತು. ಸುಮಾ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಅನ್ನ ಕಲಸುತ್ತಿದ್ದವಳು ತಲೆ ಎತ್ತದೆಯೇ ಕೇಳಿದಳು: ‘ಅಪ್ಪ, ನಾನು ಬೇರೆಯವರ ಮಗಳಾಗಿದ್ದಿದ್ರೆ ನಾನೇ ಗೆಲ್ತಿದ್ದೆ ಅಲ್ವಾ?’ ಬೇರೆಯವರ ಮಗಳಾಗಿದ್ದಿದ್ದರೆ ಆ ಹಾಳೆಯನ್ನು ಗೋಡೆಯಿಂದ ಕಿತ್ತು ತಂದು ಕೊನೆಯ ಸಾಲನ್ನು ಎರಡೆರಡು ಸಲ ಓದಿ ಹೇಳುತ್ತಿದ್ದವನು ನಾನೇ. ‘ಹಾಗಲ್ಲ ಪುಟ್ಟಾ, ಅದು...’ ಎಂದು ಏನೋ ತೊದಲಿದೆ. ವನಜಾ ಮಜ್ಜಿಗೆ ಬಡಿಸುತ್ತಾ, ‘ಸ್ವಂತ ಮಗಳಿಗೆ ಅನ್ಯಾಯ ಮಾಡಿ ಊರವರ ಹತ್ರ ಒಳ್ಳೆಯವ್ರು ಅನ್ನಿಸ್ಕೊಳ್ಳೋದು ಬಲು ಸುಲಭ ಕಣ್ರೀ, ಅವಳೇನು ಎಲ್ಲಿಗೂ ಅಪೀಲು ಹೋಗಲ್ಲ ನೋಡಿ’ ಅಂದಳು. ಅಂದು ಸಾರಿಗೆ ಉಪ್ಪಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಕಚೇರಿಯಿಂದ ಬಂದವನೇ ಮಧುವನ್ನು ಹಿಡಿದೆ. ಹಂಡೆಯಪ್ಪನನ್ನು ವಾಪಸ್ಸು ಕೊಟ್ಟರೆ ಒಂದು ಬುಟ್ಟಿ ಹಣ್ಣು ಕೊಡಿಸುತ್ತೇನೆ ಅಂದೆ. ಮಾವಿನ ಮಂಡಿಯವರ ಮೊಮ್ಮಗನಿಗೆ ಹಣ್ಣಿನ ಆಸೆ ತೋರಿಸಿದ ಜಾಣ ನಾನು! ಅವನು ನನ್ನನ್ನು ಕನಿಕರದಿಂದ ನೋಡಿ, ‘ಆಡಿ ಗೆದ್ದು ತಗೊಳ್ಳಿ ಅಂಕಲ್’ ಅಂದ. ಸರಿ, ಕೋಲಾರಕ್ಕೆ ಮೀಟಿಂಗಿಗೆ ಹೋದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ನಾನೂ ಒಂದು ಹೊಸ ಕಟ್ಟು ಕೊಂಡೆ; ಅದರ ಪೈಲ್ವಾನರೆಲ್ಲ ಬೇರೆ, ಹಂಡೆಯಪ್ಪ ಅದರಲ್ಲಿರಲಿಲ್ಲ. ವಾರವಿಡೀ ಅಭ್ಯಾಸ. ಕಚೇರಿಯಲ್ಲಿ ಖಾತೆಯ ನಕಲು ಕೇಳಲು ಬಂದ ರೈತರೊಬ್ಬರ ಮುಂದೆ, ಜೇಬಿನಿಂದ ಪೆನ್ನು ತೆಗೆಯಲು ಹೋಗಿ ಚಡ್ಡಿ ಹಾಕಿದ ಪೈಲ್ವಾನನನ್ನು ತೆಗೆದದ್ದೂ ಉಂಟು. ‘ಯಾರ್ ಸಾಮೀ ಇವ್ರು, ಹೊಸ ಸಾಹೇಬ್ರಾ?’ ಎಂದು ಅವರು ಕೈ ಮುಗಿದರು.

ಮುಂದಿನ ಭಾನುವಾರ ನಾನು ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ, ಎದುರಿಗೆ ಮಧು. ನಾನೇ ಆಟಗಾರನಾದ ಮೇಲೆ ನ್ಯಾಯ ಹೇಳುವವರು ಯಾರು? ಸುತ್ತೋಲೆಗಳೆಲ್ಲ ಬಾಯಿಪಾಠ ಇರುವುದು ಸುಮಾಳಿಗೆ ಮಾತ್ರ ಎಂದು ಮಕ್ಕಳೆಲ್ಲ ಸೇರಿ ಅವಳನ್ನೇ ಆರಿಸಿದರು. ಮಧುವೂ ಒಪ್ಪಿದ. ನಾನು ಒಳಗೊಳಗೇ ಎಷ್ಟು ಹಿಗ್ಗಿದೆ ಎಂದರೆ, ಮುಚ್ಚಿಡುವುದೇಕೆ, ಆಟ ಮುಗಿದೇಹೋಯಿತು ಎಂದುಕೊಂಡೆ. ಗೆಲ್ಲುವುದು ನಾನು, ಕಾರ್ಡು ಸೇರುವುದು ಅವಳಿಗೆ, ಜಡ್ಜೂ ಅವಳೇ. ಈ ಸಲವೂ ಸಮಸಮ ಬಂದು ನಿರ್ಣಾಯಕ ಸುತ್ತಿಗೆ ಹೋಯಿತು. ನನ್ನ ಕೈಯಲ್ಲಿ ಇನ್ನೂರ ಮೂವತ್ತು ಕಿಲೋದ ಒಬ್ಬ ಕುಳ್ಳ ದಢೂತಿ. ಮಧುವಿನ ಬಳಿ ಅದೇ ಬೆಟ್ಟಪ್ಪ. ಕೂಗುವ ಹಕ್ಕು ನನ್ನದು. ಆದರೆ ಬೆಳಿಗ್ಗೆಯಿಂದ ಎತ್ತರ ಎತ್ತರ ಎಂದು ಕೂಗಿ ಕೂಗಿಯೇ ಸುತ್ತು ಗೆದ್ದಿದ್ದ ಹಾಳು ನಾಲಿಗೆ ‘ಎತ್ತರ!’ ಎಂದುಬಿಟ್ಟಿತು.

‘ಅಲ್ಲ ಅಲ್ಲ, ತೂಕ! ತೂಕ!’ ಎಂದು ಅರಚಿದೆ. ‘ಕೂಗಿದ್ದು ಕೂಗಿದ್ದೇ ಅಂಕಲ್!’ ಎಂದು ಮಧು ಎದ್ದು ನಿಂತ. ಎಲ್ಲರೂ ಸುಮಾಳ ಮುಖ ನೋಡಿದರು. ಅವಳು ಮಧುವಿನ ಮೊಣಕಾಲಿನ ಪಕ್ಕದಲ್ಲಿದ್ದ ಹಂಡೆಯಪ್ಪನ ಕವರನ್ನು ಒಂದು ಗಳಿಗೆ ನೋಡಿದಳು. ಕಣ್ಣು ತುಂಬಿತ್ತು. ಆಮೇಲೆ, ‘ಮೊದಲು ಕೂಗಿದ್ದೇ ಲೆಕ್ಕ. ಮಧು ಗೆದ್ದ’ ಅಂದಳು.

‘ಬಾಯ್ತಪ್ಪು ಕಣೇ ಅದು! ಹೋದ ವಾರ ಕೈತಪ್ಪು ತಿದ್ದಲಿಲ್ವಾ?’

‘ಹೋದ ವಾರ ಮಾಡಿದ್ದು ತಪ್ಪು ಅಪ್ಪ. ಅದನ್ನೇ ಮತ್ತೆ ಮಾಡ್ಲಾ?’

ನನಗೆ ಮೈ ಉರಿದುಹೋಯಿತು. ಮುನಿವೆಂಕಟಪ್ಪನವರು ಕೂತಿದ್ದಾರೆ, ಹೆಂಗಸರು ನಿಂತಿದ್ದಾರೆ ಎಂಬ ಪರಿವೆಯೇ ಇಲ್ಲದೆ, ಐದೂ ಮನೆಗೆ ಕೇಳುವಂತೆ ಕೂಗಿದೆ: ‘ಸುಮಾ, ನಾನು ನಿನ್ನ ಅಪ್ಪ ಕಣೇ!’

‘ಗೊತ್ತಪ್ಪ’ ಅಂದಳು ಅವಳು, ಲಂಗದ ಅಂಚಿನಿಂದ ಮೂಗು ಒರೆಸಿಕೊಳ್ಳುತ್ತಾ. ‘ಅದಕ್ಕೇ ಎರಡು ಸಲ ಯೋಚನೆ ಮಾಡಿ ಹೇಳ್ದೆ.’

ಹೋದ ವಾರ ನಾನು ಒಂದು ಸಲವೂ ಯೋಚನೆ ಮಾಡಿರಲಿಲ್ಲ.