ದೇಶದ ಸೀಟು ಹಿಡಿದ ಹುಡುಗಿ

ಹರಪನಹಳ್ಳಿ ಕಾಲೇಜಿನಲ್ಲಿ ಆಟದ ಮೇಷ್ಟ್ರಾಗಿದ್ದಷ್ಟು ಕಾಲ, ಗಂಭೀರವಾಗಿ ಶುರು ಮಾಡಿದ ಯಾವ ಕೆಲಸವೂ ನನ್ನ ಕೈಯಲ್ಲಿ ಗಂಭೀರವಾಗಿ ಮುಗಿದದ್ದಿಲ್ಲ. ಅದರಲ್ಲೂ ತೊಂಬತ್ತರ ದಶಕದ ಕೊನೆಗೆ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಬಿ.ಎ.ಗೆ ಸೇರಿದಳು ನೋಡಿ, ಅಲ್ಲಿಂದ ನನಗೆ ನಗುವುದೂ ಬೆರಗಾಗುವುದೂ ಒಟ್ಟೊಟ್ಟಿಗೇ ಆಗತೊಡಗಿತು.

ಬಸ್ಸಿನ ಮುಂದೆ

ಆಕೆಯನ್ನು ಮೊದಲು ನೋಡಿದ್ದು ಹಲವಾಗಲಿನಿಂದ ಬರುವ ಬೆಳಗಿನ ಬಸ್ಸಿನ ಕಿಟಕಿಯಿಂದ. ಅಪ್ಪನ ಕಾಲದ ಕಬ್ಬಿಣದ ಸೈಕಲ್ಲು, ಹಿಂದೆ ಕ್ಯಾರಿಯರ್‌ನಲ್ಲಿ ಪುಸ್ತಕ, ಬುತ್ತಿ. ನಮ್ಮ ಬಸ್ಸು ಆಕೆಯನ್ನು ದಾಟುತ್ತಿತ್ತು. ಮುಂದಿನ ಹಳ್ಳಿಯಲ್ಲಿ ಜನ, ಮೂಟೆ, ಕೋಳಿ ಎಲ್ಲ ಹತ್ತುವಷ್ಟರಲ್ಲಿ ಆಕೆ ಬೆಲ್ ಹೊಡೆಯುತ್ತ ಮುಂದೆ ಹೋಗಿಬಿಡುತ್ತಿದ್ದಳು. ಏರು ಬಂದಾಗ ಬಸ್ಸು ಏದುಸಿರು ಬಿಟ್ಟಿತು, ಆಕೆ ಬಿಡಲಿಲ್ಲ. ಡ್ರೈವರಿಗೆ ಮಾನದ ಪ್ರಶ್ನೆಯಾಗಿ, ಕೊನೆಯ ಎರಡು ಸ್ಟಾಪು ನಿಲ್ಲಿಸಲೇ ಇಲ್ಲ. ಆದರೂ ನಾವು ಬಸ್‌ಸ್ಟ್ಯಾಂಡಿಗೆ ಬಂದಾಗ ಆಕೆ ಅಲ್ಲಿ ನಲ್ಲಿಯ ಕೆಳಗೆ ಮುಖ ತೊಳೆಯುತ್ತಿದ್ದಳು.

"ಅಷ್ಟು ದೂರದಿಂದ ತುಳಕೊಂಡು ಬರ್ತಿಯಲ್ಲವಾ, ಬಸ್ಸಿಗೆ ಬರಬಾರದಾ?" ಎಂದೆ.

"ಬಸ್ಸಿಗೆ ಬಂದ್ರ ಮೊದಲ್ನೇ ಪಿರಿಯಡ್ ತಪ್ಪತೈತ್ರೀ ಸರ."

ರಿಬ್ಬನ್ನು

ಅದೇ ವರ್ಷ ಕೊಟ್ಟೂರಿನಿಂದ ಕೂಡ್ಲಿಗಿಗೆ ಹುಡುಗಿಯರ ಸೈಕಲ್ ರೇಸು ಇತ್ತು. ಹೆಸರು ಹಚ್ಚಿಸಿದೆ. ಮುಂದೆ ದಾರಿ ತೋರಿಸಲು ಒಂದು ಜೀಪು. ಅರ್ಧ ದಾರಿಯಲ್ಲಿ ಜೀಪಿನ ರೇಡಿಯೇಟರ್ ಕುದ್ದು ಹೊಗೆ ಎದ್ದಿತು. ಈಕೆ ಪಕ್ಕದಿಂದ ಹೋದವಳು ಕೂಡ್ಲಿಗಿ ಮುಟ್ಟಿದಾಗ, ಗೆಲುವಿನ ಗೆರೆಯಲ್ಲಿ ಯಾರೂ ಇಲ್ಲ. ಸಂಘಟಕರು ಎದುರಿನ ಹೋಟೆಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದರು. ಅವರಲ್ಲೊಬ್ಬರು ಓಡಿಬಂದು, "ಯವ್ವಾ, ರೇಸು ಬರೋ ಹೊತ್ತಾತು, ಈ ರಿಬ್ಬನ್ನು ಸ್ವಲ್ಪ ಹಿಡಕೋ" ಎಂದರಂತೆ. ಈಕೆ ಸೈಕಲ್ಲು ಗೋಡೆಗೆ ಆನಿಸಿ ಹಿಡಿದುಕೊಂಡಳು!

ಎಷ್ಟೋ ಹೊತ್ತಿನ ಮೇಲೆ ಬಂದ ಹುಡುಗಿ ರಿಬ್ಬನ್ನು ಹರಿದಳು. ಮುಖ್ಯ ಅತಿಥಿಗಳು ಹಾರ ಎತ್ತಿದರು. ಆ ಹುಡುಗಿ ಕುತ್ತಿಗೆ ಹಿಂದಕ್ಕೆ ಎಳೆದುಕೊಂಡು, ಏದುಸಿರಿನಲ್ಲೇ ಕೂಗಿದಳು: "ನನಗಲ್ರೀ! ರಿಬ್ಬನ್ ಹಿಡದಾಳಲ್ಲ, ಆಕಿಗೆ ಹಾಕ್ರಿ!"

ಟವಲ್

ಆಮೇಲೆ ಜಿಲ್ಲೆ, ರಾಜ್ಯ, ಗೇರಿನ ಸೈಕಲ್ಲು, ರಾಷ್ಟ್ರದ ಶಿಬಿರ. ವರ್ಷಗಳು ಹೀಗೇ ಉರುಳಿದವು. ಒಮ್ಮೆ ಆಕೆ ರಜೆಗೆ ಬಂದಾಗ ಹಗರಿಬೊಮ್ಮನಹಳ್ಳಿಯ ಹೋಟೆಲಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದೆವು. ಹೋಟೆಲಿನ ಮಾಲೀಕ ಕೇಳಿದ: "ಇನ್ನ ಜಗತ್ತಿನ ದೊಡ್ಡ ರೇಸಿಗೆ ಹೋಗಾಕಿ ನೀನೇ ಏನವಾ?"

"ಹಂಗ ಸೀದಾ ಹೋಗಾಕ ಬರಂಗಿಲ್ರೀ. ಮೊದಲು ದೇಶಕ್ಕ ಸೀಟು ಸಿಗಬೇಕು. ಒಂದೊಂದು ದೇಶದೋರು ರೇಸಿನ್ಯಾಗ ಗಳಿಸಿದ ಪಾಯಿಂಟ್ ಕೂಡಿಸ್ತಾರ. ಜಾಸ್ತಿ ಇದ್ದೋರಿಗೆ ಜಾಸ್ತಿ ಸೀಟು. ನಮ್ಮಂಥ ಹಿಂದಿದ್ದೋರು ಏಷ್ಯಾದ ರೇಸಿನ್ಯಾಗ ಮುಂದ ಬಂದು ಒಂದು ಸೀಟು ಹಿಡೀಬೇಕು. ಆದ್ರ ಆ ಸೀಟು ದೇಶದ್ದು, ಹಿಡದೋರದಲ್ಲ. ಯಾರು ಹೋಗಬೇಕಂತ ಆಮ್ಯಾಲ ದೇಶದೋರು ಆರಿಸ್ತಾರ."

ಮಾಲೀಕ ಸೌಟು ಹಿಡಿದುಕೊಂಡೇ ಯೋಚಿಸಿದ. "ಅಂದ್ರ ಬಸ್ಸಿನ ಕಿಟಕ್ಯಾಗ ಟವಲ್ ಹಾಕಾಕಿ ನೀನು, ಕುಂದ್ರಾಕಿ ಯಾರೋ?"

"ಹಂಗೂ ಆಗಬೌದ್ರೀ."

"ಹಂಗಾದ್ರ ಟವಲ್ ಜೋಡಿ ನೀನೂ ಕಿಟಕ್ಯಾಗ ಹಾರಿಬಿಡವಾ ತಾಯಿ!"

ಕುರ್ಚಿ

ಏಷ್ಯಾದ ರೇಸಿನಲ್ಲಿ ಈಕೆ ತಿರುವಿನಲ್ಲಿ ಬಿದ್ದಳು. ಮೊಣಕೈ ತರಚಿಹೋಗಿ, ರಕ್ತ ಸೋರುತ್ತಿದ್ದರೂ ಎದ್ದು, ಒಬ್ಬಳೇ ಮುಂದಿನ ಗುಂಪನ್ನು ಬೆನ್ನಟ್ಟಿ ಹಿಡಿದು, ದೇಶಕ್ಕೊಂದು ಸೀಟು ತಂದಳು. ಊರಿಗೆ ಊರೇ ಕುಣಿಯಿತು. ಅಷ್ಟರಲ್ಲಿ ಸುದ್ದಿ ಬಂತು: ಆ ಸೀಟಿಗೆ ಯಾರೆಂದು ಆರಿಸಲು ಶಿಬಿರದ ಹುಡುಗಿಯರೆಲ್ಲರೂ ಮತ್ತೆ ತುಳಿಯಬೇಕು.

ನನಗೆ ಮೈಯೆಲ್ಲ ಉರಿದುಹೋಯಿತು. "ಇದ್ಯಾವ ನ್ಯಾಯವಾ? ತಂದಾಕಿ ನೀನು!"

"ಅವರೂ ನನ್ನಂಗ ದಿನಾ ತುಳದೋರೇ ಅಲ್ರೀ ಸರ. ತುಳೀಲಿ, ನಾನೂ ತುಳೀತೀನಿ," ಎಂದಳು. ಇಷ್ಟು ವರ್ಷ ಆಟ ಕಲಿಸಿದ ನನಗೆ ಆ ಮಾತು ಬಂದಿರಲಿಲ್ಲ.

ಆರಿಸುವ ದಿನ ನಾನೂ ಹೋಗಿದ್ದೆ. ಕೊನೆಯ ಏರಿನಲ್ಲಿ ಇಬ್ಬರೇ ಉಳಿದರು. ಇನ್ನೊಬ್ಬಳು ದಾಟಿದಳು. ಈಕೆ ಮತ್ತೆ ದಾಟಿದಳು. ಗೆರೆ ಮುಟ್ಟಿದಾಗ ಈಕೆಯ ಗಾಲಿ ಅರ್ಧ ಮುಂದಿತ್ತು. ಅಧಿಕಾರಿಗಳು ಬಂದು ಕೈ ಕುಲುಕಿದರು. "ಸೀಟು ನಿನ್ನದೇ ಆಯ್ತಮ್ಮ! ಈಗ ಇನ್ನೇನು ಬೇಕು?"

"ಒಂದು ಕುರ್ಚಿ ಕೊಡ್ರಿ ಸರ. ಕಾಲು ನಡಗಾಕತ್ತಾವು."

ಫೋನು

ದೊಡ್ಡ ರೇಸು ಯಾವ ಟಿ.ವಿ.ಯಲ್ಲೂ ಬರಲಿಲ್ಲ. ಮರುದಿನ ಬೆಳಿಗ್ಗೆ ಹರಪನಹಳ್ಳಿಯ ಎಸ್.ಟಿ.ಡಿ. ಬೂತಿನಲ್ಲಿ ಆಕೆಯ ಅವ್ವನನ್ನು ಕರೆದುಕೊಂಡು ಕಾದೆ. ಹೊರಗೆ ಅರ್ಧ ಸಂತೆಯೇ ನಿಂತಿತ್ತು. ಫೋನು ಬಂತು.

"ಭಾಳ ಮಂದಿ ನಡುವೇ ಬಿಟ್ಟರು ಸರ," ದನಿ ಎಲ್ಲೋ ಬಾವಿಯಿಂದ ಬಂದಂತಿತ್ತು. "ಒಂದು ಗುಡ್ಡ ಐತ್ರೀ, ಅದನ್ನೇ ಮತ್ತ ಮತ್ತ ಹತ್ತೋದು. ಎಂಥೆಂಥ ದೇಶದೋರು ಸೈಕಲ್ ಇಳದು ಕುಂತುಬಿಟ್ಟರು. ನಾನು ಹಿಂದಿನ ಗುಂಪಿನ್ಯಾಗ ಬಂದೆ. ಆದ್ರ ಮುಗಿಸಿದೆ."

ಹೊರಗೆ ತಿರುಗಿ, "ಮುಗಿಸ್ಯಾಳಂತ!" ಎಂದಷ್ಟೇ ಹೇಳಿದೆ. ಯಾರೋ ತಲೆಯ ಮೇಲಿನ ರುಮಾಲು ತೆಗೆದರು.

ಫೋನನ್ನು ಅವ್ವನ ಕೈಗೆ ಕೊಟ್ಟೆ. ಆಯಮ್ಮ ಕಣ್ಣು ಒರೆಸಿಕೊಂಡು, "ಎಲ್ಲಿಂದ ಹೊಂಟಿದ್ದಿ ಮಗಳಾ? ಎಲ್ಲಿಗೆ ಮುಟ್ಟಿದಿ?" ಎಂದು ಕೇಳಿದಳು. ಆ ಕಡೆಯಿಂದ ಏನೋ ಉತ್ತರ ಬಂತು. ಆಯಮ್ಮನ ಮುಖ ಬದಲಾಯಿತು.

"ಏನು? ಅಷ್ಟು ಸುತ್ತು ಹೊಡದು, ಹೊಳ್ಳಿ ಹೊಂಟ ಜಾಗಕ್ಕೇ ಬಂದ್ಯಾ? ಅದಕ್ಯಾಕ ಇಮಾನ ಹತ್ತಿ ಹೋಗಿದ್ದಿ? ನಮ್ಮ ಉಚ್ಚಂಗಿದುರ್ಗದ ಗುಡ್ಡ ಸುತ್ತಿದ್ರ ನಾನೂ ಕುಂತು ನೋಡತಿದ್ದೆ!"