ಮಗಳ ಓದಿಗೆ ತಮ್ಮ ಕಿವಿಯನ್ನು ವಾಪಸು ಮಂಜೂರು ಮಾಡುವ ಕುರಿತು

ಇಂದ:
ಅರ್ಜಿದಾರಳು (ತಮ್ಮ ಹೆಂಡತಿ),
ಅಡುಗೆಮನೆ, ಸದ್ದು ಹೊರಗೆ ಹೋಗದಂತೆ ಬಾಗಿಲು ಮುಚ್ಚಿಕೊಂಡು.

ಗೆ:
ಮಾನ್ಯ ಮುಖ್ಯಸ್ಥರು,
ಧ್ವನಿ ಸುಧಾರಣಾ ಇಲಾಖೆ,
ನಡುಮನೆ, ಎರಡೂ ಸ್ಪೀಕರುಗಳಿಗೆ ಸಮದೂರದಲ್ಲಿರುವ ಕುರ್ಚಿ.

ಮುಖಾಂತರ: ಅತ್ತೆಯವರು (ಓದದೆಯೇ ಶಿಫಾರಸು ಮಾಡಿರುತ್ತಾರೆ).

ವಿಷಯ: ಹೊಸ ಸ್ಟ್ರೀಮರ್ ಬಂದ ಮೇಲೆ ನಿಂತುಹೋಗಿರುವ ಮಗಳ ಓದನ್ನು ನಡುಮನೆಯಲ್ಲಿ ಮತ್ತೆ ಆರಂಭಿಸಲು ಅನುಮತಿ ಕೋರಿ.

ಉಲ್ಲೇಖ: 1. ಬಟ್ಟೆ ಒಣಹಾಕುವಾಗ ಅರ್ಜಿದಾರಳು ಮಾಡಿದ ಮೌಖಿಕ ಮನವಿ.
2. ಅದಕ್ಕೆ ತಾವು ತುಟಿಯ ಮೇಲೆ ಬೆರಳಿಟ್ಟು ನೀಡಿದ ಉತ್ತರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ. ಎರಡು ಹಾಡುಗಳ ನಡುವೆ ಬಿಡುವಾದಾಗ ಪರಿಶೀಲಿಸುವುದು.

1. ಹಳೆಯ ಸ್ಟ್ರೀಮರ್, ಅಂದರೆ ಇಂಟರ್ನೆಟ್ಟಿನಿಂದ ಹಾಡು ತಂದು ಸ್ಪೀಕರಿಗೆ ಒಪ್ಪಿಸುತ್ತಿದ್ದ ಕಪ್ಪು ಪೆಟ್ಟಿಗೆ, ಯಾರಿಗೂ ತೊಂದರೆ ಕೊಡದೆ ಹಾಡಿಕೊಂಡಿತ್ತು. ಆದರೂ ಅದರ ಹಾಡಿನಲ್ಲಿ ಗಾಳಿ ಸಾಲದು ಎಂಬ ಕಾರಣ ನೀಡಿ ತಾವು ಅದನ್ನು ಕಪಾಟಿನ ಮೇಲಕ್ಕೆ ವರ್ಗ ಮಾಡಿ, ಆ ಜಾಗಕ್ಕೆ ಹೊಸದನ್ನು ನೇಮಿಸಿದಿರಿ. ಹೊಸದು ಬಂದ ದಿನವೇ, ಸದ್ದು ಮಾಡುತ್ತದೆಂಬ ಕಾರಣಕ್ಕೆ ಫ್ಯಾನು ನಿಲ್ಲಿಸಲಾಯಿತು. ಹಾಡಿಗೆ ಗಾಳಿ ಬಂತು, ಮನೆಯವರಿಗೆ ಹೋಯಿತು.

2. ಫ್ಯಾನಿನ ನಂತರ ಮಿಕ್ಸಿ, ಅದರ ನಂತರ ವಾಷಿಂಗ್ ಮಷೀನ್ ಸರದಿಯಂತೆ ಅಮಾನತುಗೊಂಡವು. ಕೊನೆಗೆ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಅಡ್ಡಬರುತ್ತಿದೆಯೆಂದು ಐದೇ ನಿಮಿಷದ ಮಟ್ಟಿಗೆ ಅದನ್ನು ಆರಿಸಿದ ತಾವು, ಸಂಗೀತದಲ್ಲಿ ಮುಳುಗಿ ಮತ್ತೆ ಹಾಕಲು ಮರೆತ ಕಾರಣ ಬೆಳಿಗ್ಗೆ ಹಾಲು ಒಡೆಯಿತು. ವಿವರಣೆ ಕೇಳಲಾಗಿ, "ಆದ್ರೆ ಹಾಡಿನ ಬೇಸ್ ಎಷ್ಟು ಸ್ವಚ್ಛವಾಗಿತ್ತು ಗೊತ್ತಾ" ಎಂದು ತಿಳಿಸಿದಿರಿ. ಸದರಿ ವಿವರಣೆಯನ್ನು ಕಾಫಿಗೆ ಬೆರೆಸಲು ಬಾರದ ಕಾರಣ ಎಲ್ಲರೂ ಕಪ್ಪು ಕಾಫಿ ಕುಡಿದಿರುತ್ತಾರೆ.

3. ತದನಂತರ ಪೆಟ್ಟಿಗೆಯಲ್ಲಿ ಅಪ್‌ಸ್ಯಾಂಪ್ಲಿಂಗ್ ಎಂಬ ಸೆಟ್ಟಿಂಗ್ ಪತ್ತೆಯಾಯಿತು. ಅಂದಿನಿಂದ ಒಂದೇ ಹಾಡಿನ ಒಂದೇ ಸಾಲನ್ನು ಅದಿಲ್ಲದೆ ಒಮ್ಮೆ, ಅದರೊಡನೆ ಒಮ್ಮೆ, ಅದನ್ನು ಇನ್ನೂ ಏರಿಸಿ ಮತ್ತೊಮ್ಮೆ ಕೇಳಿಸಿ, ಯಾವುದು ಮೇಲೆಂದು ಮನೆಯವರ ಹೇಳಿಕೆ ಪಡೆಯಲಾಗುತ್ತಿದೆ. ಅತ್ತೆಯವರ ಹೇಳಿಕೆ: "ಅಲ್ಲ ಕಣೋ, ಆ ಹಾಡೋಳು ಆ ಸಾಲು ಬಿಟ್ಟು ಮುಂದಕ್ಕೆ ಹೋಗೋದು ಯಾವಾಗ?" ತಾವು ಇದನ್ನು ಪರಿಗಣಿಸಲಿಲ್ಲ.

4. ಇದೆಲ್ಲವನ್ನೂ ಅರ್ಜಿದಾರಳು ಸಹಿಸಿಕೊಂಡಿದ್ದಾಳೆ, ಮುಂದೆಯೂ ಸಹಿಸಿಕೊಳ್ಳಬಲ್ಲಳು. ಒಡೆದ ಹಾಲಿಗೆ ಬದಲು ಬೇರೆ ಹಾಲು ತರಬಹುದು. ಈ ಅರ್ಜಿ ಹಾಲಿನ ಬಗ್ಗೆ ಅಲ್ಲ.

5. ಮಗಳಿಗೆ ಮಾತು ತಡೆಯುತ್ತದೆಂಬುದು ತಮಗೆ ತಿಳಿದೇ ಇದೆ. ಪದದ ಮೊದಲಕ್ಷರ ತುಟಿಯವರೆಗೆ ಬಂದು ಹೊಸ್ತಿಲಲ್ಲೇ ನಿಂತುಬಿಡುತ್ತದೆ. ದಿನವೂ ಗಟ್ಟಿಯಾಗಿ ಓದಿಸಿ, ತಡೆದಲ್ಲಿ ಕಾಯಿರಿ, ಅವಳ ಪದವನ್ನು ಯಾರೂ ಮುಗಿಸಿಕೊಡಬೇಡಿ ಎಂದು ಮಾತು ತಿದ್ದುವ ಟೀಚರ್ ಹೇಳಿದ್ದರು. ಮನೆಯಲ್ಲಿ ಇದನ್ನು ಪಾಲಿಸಿದವರು ತಾವೊಬ್ಬರೇ. ಊಟವಾದ ಮೇಲೆ ಅವಳು ಕಥೆಪುಸ್ತಕ ಹಿಡಿದು ಎದುರು ಕೂತರೆ, ಹಾಡು ಕೇಳುವಾಗ ಕೂರುವಂತೆಯೇ ತಾವು ತಲೆ ತುಸು ಓರೆಮಾಡಿ, ಕಣ್ಣು ಅರೆಮುಚ್ಚಿ ಕೂರುತ್ತಿದ್ದಿರಿ. ಅವಳ ಓದು ತಡೆದು ನಿಂತರೆ ತಾವೂ ಕಾಯುತ್ತಿದ್ದಿರಿ. ಗಡಿಯಾರ ನೋಡುತ್ತಿರಲಿಲ್ಲ. ಪದ ಹೊರಬಿದ್ದಾಗ ಶಭಾಷ್ ಎನ್ನುತ್ತಲೂ ಇರಲಿಲ್ಲ. ಬಂದೇ ಬರುತ್ತಿತ್ತು ಎಂಬಂತೆ ಸುಮ್ಮನಿರುತ್ತಿದ್ದಿರಿ.

6. ಈಗ ಆ ಹೊತ್ತು ಸ್ಟ್ರೀಮರಿನದು. ಮೊದಮೊದಲು ಮಗಳು ಪುಸ್ತಕ ಹಿಡಿದು ತಮ್ಮ ಪಕ್ಕ ನಿಂತು ನೋಡಿದಳು. ತಾವು ಕಣ್ಣು ಮುಚ್ಚಿದ್ದಿರಿ. ಆಮೇಲೆ ಅವಳು ಅಡುಗೆಮನೆಗೆ ಬಂದಳು. ಅರ್ಜಿದಾರಳು ಪಾತ್ರೆ ತೊಳೆಯುತ್ತಲೇ ಕೇಳಿಸಿಕೊಳ್ಳುತ್ತಾಳೆ. ಆದರೆ ಒಂದು ಕಡೆ ಒಲೆಯ ಮೇಲೆ ಹಾಲು ಉಕ್ಕುತ್ತಿರುತ್ತದೆ, ಇನ್ನೊಂದು ಕಡೆ ಮಗುವಿನ ಗಂಟಲಲ್ಲಿ ಪದ ಸಿಕ್ಕಿಕೊಂಡಿರುತ್ತದೆ. ಆ ಪುಟ್ಟ ಮುಖ ಕೆಂಪಾಗುವುದನ್ನು ನೋಡಲಾರದೆ ಅರ್ಜಿದಾರಳ ಬಾಯಿ ತಾನಾಗಿಯೇ ಆ ಪದವನ್ನು ಹೇಳಿಬಿಡುತ್ತದೆ. ಮೊನ್ನೆ ಹೀಗೆಯೇ ಕುದುರೆ ಎಂದು ಮುಗಿಸಿಕೊಟ್ಟಾಗ ಮಗಳು ಪುಸ್ತಕ ಮಡಚಿದಳು.

"ಅದು ಕುದುರೆ ಅಲ್ಲಮ್ಮ. ಕು... ಕುರಿ. ನೀನೇ ಓದ್ಕೋ ಬಿಡು."

ಸಿಟ್ಟು ಮಾಡಿಕೊಂಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಸಿಟ್ಟಾಗಲಿಲ್ಲ, ಬಟ್ಟೆ ತೆಗೆದುಕೊಂಡು ತಟ್ಟೆಗಳನ್ನು ಒರೆಸತೊಡಗಿದಳು.

7. ಅದೇ ಸಂಜೆ ತಾವು ಅರ್ಜಿದಾರಳನ್ನು ಕರೆದು ಕೂರಿಸಿ, ಅಪ್‌ಸ್ಯಾಂಪ್ಲಿಂಗ್ ಎಂದರೇನೆಂದು ತಾಳ್ಮೆಯಿಂದ ತಿಳಿಸಿಕೊಟ್ಟಿರಿ. ಹಾಡು ನಮಗೆ ತಲುಪುವುದು ಚುಕ್ಕಿ ಚುಕ್ಕಿಯಾಗಿ. ಎರಡು ಚುಕ್ಕಿಗಳ ನಡುವೆ ಏನಿರಬೇಕೆಂದು ಯಂತ್ರ ಲೆಕ್ಕಹಾಕಿ ತಾನೇ ತುಂಬುತ್ತದೆ ಎಂದಿರಿ. ಅರ್ಜಿದಾರಳು ಒದ್ದೆ ಕೈ ಒರೆಸಿಕೊಳ್ಳುತ್ತಾ, "ಅದು ತುಂಬಿದ್ದು ತಪ್ಪಾದ್ರೆ ಏನ್ರೀ?" ಎಂದಳು.

"ಗೊತ್ತೇ ಆಗಲ್ಲ ಕಣೇ, ಅಷ್ಟು ನಯವಾಗಿ ತುಂಬುತ್ತೆ."

ಸದರಿ ಕೆಲಸವನ್ನು ಅಡುಗೆಮನೆಯಲ್ಲಿ ಅರ್ಜಿದಾರಳೂ ನಿರ್ವಹಿಸುತ್ತಿದ್ದು, ಆಕೆ ತುಂಬಿದ್ದು ತಪ್ಪಾದರೆ ಕೂಡಲೇ ಗೊತ್ತಾಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ. ನಡುವಿನ ಖಾಲಿಯನ್ನು ತುಂಬದೆ ಹಾಗೆಯೇ ಬಿಡಬಲ್ಲ ಯಂತ್ರ ಈ ಮನೆಯಲ್ಲಿ ಒಂದೇ ಇತ್ತು. ಅದು ತಾವು.

8. ಬರುವ ಸೋಮವಾರ ಶಾಲೆಯಲ್ಲಿ ಎಲ್ಲರೆದುರು ಬೆಳಗಿನ ಸುದ್ದಿ ಓದುವ ಸರದಿ ಮಗಳದು. ಕಷ್ಟವಾದರೆ ಬೇರೆಯವರಿಗೆ ಕೊಡುತ್ತೇವೆ, ನಾಳೆ ಬೆಳಿಗ್ಗೆ ತಿಳಿಸಿ ಎಂದು ಶಾಲೆಯವರು ಹೇಳಿಕಳಿಸಿದ್ದಾರೆ. ಮಗಳನ್ನು ಕೇಳಲಾಗಿ, "ಅಪ್ಪ ಒಂದ್ಸಲ ಕೇಳಿಸ್ಕೊಂಡ್ರೆ ಓದ್ತೀನಿ. ಇಲ್ಲಾಂದ್ರೆ ಬೇಡ" ಎಂದಳು. ಅವಳು ಇಷ್ಟು ಹೇಳಿ ಮುಗಿಸುವವರೆಗೆ ಅರ್ಜಿದಾರಳು ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದು ನಿಂತಿದ್ದಳು.

ಆದ್ದರಿಂದ, ಸ್ಟ್ರೀಮರನ್ನು ತೆಗೆಯಬೇಕೆಂದಾಗಲೀ ಸೆಟ್ಟಿಂಗನ್ನು ಇಳಿಸಬೇಕೆಂದಾಗಲೀ ಅರ್ಜಿದಾರಳ ಬೇಡಿಕೆಯಲ್ಲ. ಅದು ಚೆನ್ನಾಗಿಯೇ ಹಾಡುತ್ತದೆ. ತಾವು ಮನೆಯಲ್ಲಿಲ್ಲದಾಗ ಅತ್ತೆ ಸೊಸೆ ಇಬ್ಬರೂ ಫ್ಯಾನು ಹಾಕಿಕೊಂಡು ಒಂದು ಇಡೀ ಹಾಡನ್ನು ಕೇಳಿರುತ್ತಾರೆ. ಊಟವಾದ ಮೇಲಿನ ಅರ್ಧ ಗಂಟೆ ಸದರಿ ಯಂತ್ರಕ್ಕೆ ರಜೆ ನೀಡಿ, ಆ ಅವಧಿಗೆ ತಮ್ಮ ಕಿವಿಗಳನ್ನು, ಎಡ ಬಲ ಎರಡನ್ನೂ, ಮಗಳಿಗೆ ಮಂಜೂರು ಮಾಡಬೇಕೆಂದಷ್ಟೇ ಕೋರಿಕೆ. ಈ ವಿಷಯದಲ್ಲಿ ಅರ್ಜಿದಾರಳು ತಮ್ಮ ಬದಲಿಗೆ ಕೆಲಸ ಮಾಡಿ ನೋಡಿದ್ದು, ಆಕೆಯ ಕೈಲಿ ಆಗುತ್ತಿಲ್ಲ.

ಒಲೆಯ ಕಡೆ ಒಂದು ಕಣ್ಣಿಟ್ಟುಕೊಂಡೇ ಇರುವ,
ತಮ್ಮ ವಿಶ್ವಾಸಿ,
ಅರ್ಜಿದಾರಳು

ಲಗತ್ತುಗಳು:
1. ಯಾರೂ ಕೀಳದಂತೆ ಫ್ರಿಜ್ಜಿನ ಪ್ಲಗ್ಗಿಗೆ ಅತ್ತೆಯವರು ಸುತ್ತಿರುವ ಟೇಪಿನ ತುಂಡು, ಮಾದರಿಗಾಗಿ.
2. ಸೋಮವಾರ ಓದಬೇಕಾದ ಸುದ್ದಿಯ ಹಾಳೆ. ಅವಳಿಗೆ ತಡೆಯುವ ಅಕ್ಷರಗಳೇ ಇದರಲ್ಲಿ ಹೆಚ್ಚಿವೆ. ಸುಲಭದ ಪದಗಳನ್ನು ಹಾಕಿಕೊಡುತ್ತೇನೆಂದರೆ ಮಗಳು ಒಪ್ಪಿಲ್ಲ.
3. ಮಗಳು. (ಈ ಅರ್ಜಿಯನ್ನು ತಂದುಕೊಟ್ಟು ತಮ್ಮ ಎದುರೇ ನಿಂತಿದ್ದಾಳೆ.)

ವಿ.ಸೂ.: ಮೂರನೆಯ ಲಗತ್ತನ್ನು ಕೂರಿಸಿಕೊಂಡು, "ಓದಮ್ಮ" ಎಂದಷ್ಟೇ ಹೇಳಿ, ಎಷ್ಟೇ ಹೊತ್ತಾದರೂ ಮುಂದಿನ ಯಾವ ಆದೇಶವನ್ನೂ ಹೊರಡಿಸದೆ ಇರಬೇಕಾಗಿ ವಿನಂತಿ.